ಹನೋಯ್ ಮನೆಯ ಟೆಟ್ ಹಬ್ಬ: ಹಿರಿಯರನ್ನು ಕರೆಯುವುದರಿಂದ ಕಳಿಸಿಕೊಡುವವರೆಗೆ

ಜನವರಿ ಬಂತೆಂದರೆ ಇಲ್ಲಿ ವಿಯೆಟ್ನಾಂನ ಹನೋಯ್‌ಗೆ ಕೆಲಸಕ್ಕೆ ಬಂದಿರುವ ಕನ್ನಡದವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಆಫೀಸಿನವರು ಟೆಟ್ ಹಬ್ಬಕ್ಕೆ, ಅಂದರೆ ಇವರ ಹೊಸ ವರ್ಷಕ್ಕೆ, ಮನೆಗೆ ಕರೆದಿದ್ದಾರೆ, ಏನು ತಗೊಂಡು ಹೋಗಬೇಕು, ಹೇಗೆ ನಡೆದುಕೊಳ್ಳಬೇಕು? ಈಗೀಗ ಇನ್ನೊಂದು ಬಗೆಯವರೂ ಫೋನ್ ಮಾಡುತ್ತಾರೆ. ನನ್ನ ಹಾಗೆಯೇ ವಿಯೆಟ್ನಾಂನ ಮನೆಗೆ ಸೊಸೆಯಾಗಿಯೋ ಅಳಿಯನಾಗಿಯೋ ಬಂದವರು. ಅವರಿಗೆ ಹಬ್ಬಕ್ಕೆ ಹೋಗುವುದಲ್ಲ, ಹಬ್ಬ ಮಾಡುವುದು ಗೊತ್ತಾಗಬೇಕು. ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಾನು ಮೈಸೂರು ಕಡೆಯವಳು, ಹನೋಯ್ ಮನೆಯ ಸೊಸೆ. ಹಾಗಾಗಿ ಇಲ್ಲಿರುವುದು ಉತ್ತರದ ಪದ್ಧತಿ, ಅದರಲ್ಲೂ ನನ್ನ ಅತ್ತೆಯ ಪದ್ಧತಿ. ದಕ್ಷಿಣದ ಸೈಗಾನ್ ಕಡೆ ಬೇರೆ ಇರುವಲ್ಲಿ ಹೇಳುತ್ತಾ ಹೋಗುತ್ತೇನೆ.

ಮೊದಲಿಗೆ ಒಂದು ವಿಷಯ ಮನಸ್ಸಿಗೆ ಹತ್ತಲಿ. ಹೊಸ ವರ್ಷದ ಮೊದಲ ಮೂರು ದಿನ ತೀರಿಕೊಂಡ ಹಿರಿಯರು ಮನೆಗೆ ಬಂದಿರುತ್ತಾರೆ. ಅಜ್ಜ, ಅಜ್ಜಿ, ಮುತ್ತಜ್ಜ ಎಲ್ಲರೂ. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವಲ್ವಾ, ಅದೇ ಭಾವನೆ. ಇವರು ಅದನ್ನು ವರ್ಷದ ಮೊದಲ ದಿನಕ್ಕೇ ಇಟ್ಟುಕೊಂಡಿದ್ದಾರೆ, ಒಂದು ಹೊತ್ತಿಗಲ್ಲ, ಮೂರು ದಿನಕ್ಕೆ. ಮನೆ ಯಾಕೆ ಅಷ್ಟು ತಿಕ್ಕಿ ತೊಳೆಯುತ್ತಾರೆ, ಯಾಕೆ ಜಗಳ ಆಡಬಾರದು, ಯಾಕೆ ದಿನಾ ಹೊಸದಾಗಿ ಅಡುಗೆ ಇಡುತ್ತಾರೆ ಅನ್ನುವುದಕ್ಕೆಲ್ಲ ಉತ್ತರ ಇಲ್ಲೇ ಇದೆ. ಮನೆಯಲ್ಲಿ ದೊಡ್ಡವರಿದ್ದಾರೆ.

ದಿನ ಯಾವುದು, ಮೊದಲೇ ಮಾಡಿಕೊಳ್ಳಬೇಕಾದ್ದು ಏನು

ಟೆಟ್ ಚಾಂದ್ರಮಾನದ ಲೆಕ್ಕದ ಹಬ್ಬ. ಜನವರಿ ಕೊನೆಯ ಹತ್ತು ದಿನದಿಂದ ಫೆಬ್ರವರಿ 20ರೊಳಗೆ ಬರುತ್ತದೆ. 2026ರಲ್ಲಿ ಫೆಬ್ರವರಿ 17, 2027ರಲ್ಲಿ ಫೆಬ್ರವರಿ 6, 2028ರಲ್ಲಿ ಜನವರಿ 26. ಇವರ ಪಂಚಾಂಗದಲ್ಲೂ ಅಧಿಕ ಮಾಸ ಉಂಟು. ನಮ್ಮ ಯುಗಾದಿ ಇದಾದ ಒಂದು ತಿಂಗಳಿಗೋ ಎರಡು ತಿಂಗಳಿಗೋ ಬರುತ್ತದೆ.

ವರ್ಷದ ಕೊನೆಯ ತಿಂಗಳಿಗೆ ಚಾಪ್ ಅನ್ನುತ್ತಾರೆ. ಹಬ್ಬದ ಕೆಲಸ ಪೂರ್ತಿ ನಡೆಯುವುದು ಈ ತಿಂಗಳಲ್ಲಿ. ಕೊನೆಯ ದಿನವನ್ನು ಬಾಯಿಮಾತಿನಲ್ಲಿ ‘ಟೆಟ್‌ನ 30’ ಅನ್ನುತ್ತಾರೆ. ಆದರೆ 2025ರಿಂದ 2032ರವರೆಗೆ ಚಾಪ್ ತಿಂಗಳು 29ಕ್ಕೇ ಮುಗಿಯುತ್ತದೆ. ಇನ್ನೊಂದು ದಿನ ಇದೆ ಅಂದುಕೊಂಡು ಕೂತರೆ ಕೆಲಸ ಉಳಿದುಬಿಡುತ್ತದೆ. ಗೋಡೆ ಕ್ಯಾಲೆಂಡರಿನಲ್ಲಿ ದೊಡ್ಡ ಅಂಕಿಯ ಕೆಳಗೆ ಸಣ್ಣ ಅಂಕಿ ಇರುತ್ತದೆ, ಅದು ಚಾಂದ್ರಮಾನದ ತಾರೀಖು. ಅದನ್ನು ನೋಡಿ.

ಊರಿಗೆ ಹೋಗುವುದಿದ್ದರೆ ರೈಲಿನ ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಮಾಡಿಸಿ. ಇಡೀ ದೇಶ ಒಂದೇ ವಾರದಲ್ಲಿ ಹುಟ್ಟೂರಿಗೆ ಹೊರಡುತ್ತದೆ. ಇಲ್ಲಿಯ ಸಾಂಪ್ರದಾಯಿಕ ಉದ್ದ ಅಂಗಿ ಆವ್ ಝಾಯ್ ಹೊಲಿಸುವುದಿದ್ದರೆ ಟೈಲರ್ ಹತ್ತಿರ ಆದಷ್ಟು ಬೇಗ ಹೋಗಿ. ಮಕ್ಕಳಿಗೆ ಕೊಡಲು ಗರಿಗರಿ ಹೊಸ ನೋಟು ಬೇಕು, ಹಬ್ಬ ಹತ್ತಿರವಾದಂತೆ ಬ್ಯಾಂಕಿನಲ್ಲಿ ಸಣ್ಣ ನೋಟು ಸಿಗುವುದಿಲ್ಲ. ಮೊದಲ ಎರಡು ಮೂರು ದಿನ ಬಹುತೇಕ ಅಂಗಡಿ ಮುಚ್ಚಿರುತ್ತವೆ, ಹಾಲು ತರಕಾರಿ ತಂದಿಟ್ಟುಕೊಳ್ಳಿ. ಸಾಲ ಇದ್ದರೆ ವರ್ಷ ಮುಗಿಯುವುದರೊಳಗೆ ತೀರಿಸಿ. ಪಕ್ಕದ ಮನೆಯಿಂದ ತಂದ ಪಾತ್ರೆಯನ್ನೂ ವಾಪಸ್ ಕೊಡಿ.

23ಕ್ಕೆ ಅಡುಗೆಮನೆ ದೇವರನ್ನು ಕಳಿಸುವುದು

ಹಬ್ಬ ನಿಜವಾಗಿ ಶುರುವಾಗುವುದು ಚಾಪ್ 23ಕ್ಕೆ. ಒಲೆಯ ಹತ್ತಿರ ಇರುವ ಓಂಗ್ ತಾವ್ ದೇವರು ಆ ದಿನ ಮೇಲಿನ ಲೋಕಕ್ಕೆ ಹೋಗಿ ಅಲ್ಲಿಯ ಒಡೆಯ ಪಚ್ಚೆ ಚಕ್ರವರ್ತಿಗೆ ಈ ಮನೆಯ ವರ್ಷದ ವರದಿ ಒಪ್ಪಿಸುತ್ತಾರೆ ಅನ್ನುವುದು ನಂಬಿಕೆ. ಅವರು ಮೂವರು, ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಹಾಗಾಗಿ ಕಾಗದದ ಟೋಪಿ ಮೂರು ತರಬೇಕು. ಹನೋಯ್‌ನಲ್ಲಿ ಹಾಂಗ್ ಮಾ ಬೀದಿಯ ತುಂಬ ಇದೇ ಸಾಮಾನು. ಎರಡು ಟೋಪಿಗೆ ಪಕ್ಕದಲ್ಲಿ ರೆಕ್ಕೆ ಇರುತ್ತದೆ, ಒಂದಕ್ಕೆ ಇರುವುದಿಲ್ಲ. ರೆಕ್ಕೆ ಇಲ್ಲದ್ದು ಅಮ್ಮನವರದ್ದು.

ಸವಾರಿಗೆ ಕಾರ್ಪ್ ಮೀನು. ಬೋಗುಣಿಯ ನೀರಿನಲ್ಲಿ ಜೀವಂತ ಮೀನು ಬಿಟ್ಟು ಎಡೆಯ ಪಕ್ಕ ಇಡುತ್ತಾರೆ. ಪೂಜೆ 23ರ ಮಧ್ಯಾಹ್ನ ಹನ್ನೆರಡರೊಳಗೆ ಆಗಬೇಕು. ಆಫೀಸಿಗೆ ಹೋಗುವವರು 22ರ ಸಂಜೆಯೇ ಮಾಡಿಕೊಳ್ಳುತ್ತಾರೆ, ಅದರಲ್ಲಿ ಏನೂ ತಪ್ಪಿಲ್ಲ. ಊದುಬತ್ತಿ ಉರಿದ ಮೇಲೆ ಕಾಗದದ ಟೋಪಿ ಬಟ್ಟೆ ಸುಟ್ಟು, ಮೀನನ್ನು ಕೆರೆಗೋ ನದಿಗೋ ಬಿಡಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಸೇತುವೆ ಮೇಲಿಂದ ಮೀನನ್ನು ಎಸೆಯಬೇಡಿ. ಅಷ್ಟು ಎತ್ತರದಿಂದ ಬಿದ್ದ ಮೀನು ಬದುಕುವುದು ಕಷ್ಟ. ನೀರಿನ ಅಂಚಿಗೆ ಇಳಿಯಿರಿ, ಚೀಲವನ್ನು ನೀರಲ್ಲಿ ಮುಳುಗಿಸಿ ಬಾಯಿ ಬಿಚ್ಚಿ, ಅದು ತಾನಾಗಿ ಹೊರಗೆ ಈಜಲಿ. ಪ್ಲಾಸ್ಟಿಕ್ ಚೀಲವನ್ನು ಮನೆಗೆ ತನ್ನಿ. ಲಾಂಗ್ ಬಿಯೆನ್ ಸೇತುವೆಯ ಮೇಲೆ ಆ ದಿನ ಹುಡುಗ ಹುಡುಗಿಯರು ‘ಮೀನು ಬಿಡಿ, ಚೀಲ ಬಿಡಬೇಡಿ’ ಅಂತ ಬೋರ್ಡ್ ಹಿಡಿದು ನಿಂತಿರುತ್ತಾರೆ. ಜನರ ಕೈಯಿಂದ ಮೀನು ಇಸ್ಕೊಂಡು ಬಕೆಟ್ಟಿನಲ್ಲಿ ಕೆಳಗೆ ಇಳಿಸುವವರೂ ಇದ್ದಾರೆ. ಹತ್ತಿರ ಒಳ್ಳೆಯ ನೀರು ಇಲ್ಲದಿದ್ದರೆ ಕಾಗದದ ಮೀನು ಸಾಕು. ದಕ್ಷಿಣದಲ್ಲಿ ಕಾಗದದ ಕುದುರೆ ಮತ್ತು ಕೊಕ್ಕರೆ ಇಡುತ್ತಾರೆ, ಮೀನಿನ ಗೋಜೇ ಇಲ್ಲ.

ಹಿರಿಯರ ಪೀಠ ತೊಳೆಯುವುದು

ಪ್ರತಿ ಮನೆಯಲ್ಲೂ ಎತ್ತರದ ಜಾಗದಲ್ಲಿ ಹಿರಿಯರ ಪೀಠ ಇರುತ್ತದೆ. ಫೋಟೋ, ದೀಪ, ನೀರಿನ ಬಟ್ಟಲು, ನಡುವೆ ಊದುಬತ್ತಿ ಸಿಕ್ಕಿಸುವ ಬೂದಿ ತುಂಬಿದ ಪಿಂಗಾಣಿ ಬಟ್ಟಲು. 23 ಕಳೆದ ಮೇಲೆ ಇದನ್ನು ತೊಳೆಯುತ್ತಾರೆ. ತೊಳೆಯುವವರು ಸ್ನಾನ ಮಾಡಿರಬೇಕು. ಮೊದಲು ಊದುಬತ್ತಿ ಹಚ್ಚಿ ‘ಇವತ್ತು ಸ್ವಚ್ಛ ಮಾಡ್ತೀವಿ’ ಅಂತ ಅಪ್ಪಣೆ ಕೇಳಬೇಕು. ಜಜ್ಜಿದ ಶುಂಠಿಯನ್ನು ಅಕ್ಕಿ ಮದ್ಯದಲ್ಲಿ ನೆನೆಹಾಕಿ ಅದರಿಂದ ಒರೆಸುತ್ತಾರೆ. ಬೂದಿ ಬಟ್ಟಲನ್ನು ಮಾತ್ರ ಜಾಗದಿಂದ ಕದಲಿಸಬಾರದು. ನನ್ನ ಅತ್ತೆ ಒಂದು ಕೈಯಲ್ಲಿ ಬಟ್ಟಲನ್ನು ಅದುಮಿ ಹಿಡಿದು ಇನ್ನೊಂದು ಕೈಯಲ್ಲಿ ಸುತ್ತ ಒರೆಸುತ್ತಾರೆ. ವರ್ಷವಿಡೀ ತುಂಬಿರುವ ಊದುಬತ್ತಿ ಕಡ್ಡಿಗಳನ್ನು ಒಂದೊಂದಾಗಿ ಕಿತ್ತು, ಮೂರೋ ಐದೋ, ಬೆಸ ಸಂಖ್ಯೆಯಲ್ಲಿ ಉಳಿಸುತ್ತಾರೆ. ನೀವು ಹೊಸ ಸೊಸೆಯಾದರೆ ಮೊದಲ ವರ್ಷ ಪಕ್ಕದಲ್ಲಿ ನಿಂತು ನೋಡಿ, ಹೇಳಿದ್ದನ್ನು ಎತ್ತಿಕೊಡಿ, ಸಾಕು.

ಇದೇ ದಿನಗಳಲ್ಲಿ ಸಮಾಧಿಗೆ ಹೋಗಿ, ಹುಲ್ಲು ಕಿತ್ತು, ಒರೆಸಿ, ಹೂವಿಟ್ಟು ‘ಹಬ್ಬಕ್ಕೆ ಮನೆಗೆ ಬನ್ನಿ’ ಅಂತ ಕರೆದು ಬರುತ್ತಾರೆ. ಕರೆಯದೆ ಎಡೆ ಇಟ್ಟರೆ ಹೇಗೆ?

ಗಿಡ

ಉತ್ತರಕ್ಕೆ ಗುಲಾಬಿ ಬಣ್ಣದ ಪೀಚ್ ಹೂವು, ದಕ್ಷಿಣಕ್ಕೆ ಹಳದಿ ಮಾಯ್ ಹೂವು. ಎರಡೂ ಕಡೆ ಕಿತ್ತಳೆ ಬಣ್ಣದ ಪುಟ್ಟ ಕುಮ್ಕ್ವಾಟ್ ಹಣ್ಣಿನ ಗಿಡ. ಹನೋಯ್‌ನಲ್ಲಿ ಪೀಚ್ ಗಿಡಕ್ಕೆ ನ್ಯತ್ ತನ್ ತೋಟಗಳು ಹೆಸರುವಾಸಿ. ಅರಳಿದ ಹೂವು ನೋಡಿ ಮರುಳಾಗಬೇಡಿ, ಮೊಗ್ಗು ಜಾಸ್ತಿ ಇರುವುದನ್ನು ಆರಿಸಿ. ಮೊದಲ ದಿನ ಅರಳಬೇಕು ಅಲ್ವಾ. ಕೊಂಬೆ ತಂದರೆ ಕಡಿದ ತುದಿಯನ್ನು ಬೆಂಕಿಯಲ್ಲಿ ಕಪ್ಪಗಾಗುವವರೆಗೆ ಸುಟ್ಟು ಹೂದಾನಿಗೆ ಇಡಿ, ಹೂವು ಹೆಚ್ಚು ದಿನ ನಿಲ್ಲುತ್ತದೆ. ಕುಂಡದ ದೊಡ್ಡ ಮರ ಬೇಕಿದ್ದರೆ ಬಾಡಿಗೆಗೂ ಸಿಗುತ್ತದೆ, ಹಬ್ಬ ಮುಗಿದ ಮೇಲೆ ತೋಟದವರೇ ಬಂದು ಒಯ್ಯುತ್ತಾರೆ. ಕುಮ್ಕ್ವಾಟ್‌ನಲ್ಲಿ ಹಣ್ಣು, ಕಾಯಿ, ಹೂವು, ಚಿಗುರು ನಾಲ್ಕೂ ಒಟ್ಟಿಗೆ ಇರುವ ಗಿಡ ಶ್ರೇಷ್ಠ. ಮಾಯ್ ಗಿಡ ಇಟ್ಟುಕೊಂಡಿರುವ ಸೈಗಾನ್ ಕಡೆಯವರು ಚಾಪ್ 15ರ ಹೊತ್ತಿಗೆ ಎಲೆಯೆಲ್ಲ ಕೈಯಲ್ಲೇ ಕೀಳಬೇಕು. ಆಗ ಹಬ್ಬಕ್ಕೆ ಸರಿಯಾಗಿ ಹೂವು ಬರುತ್ತದೆ.

ಬಾನ್ ಚುಂಗ್: ಒಂದು ರಾತ್ರಿಯ ಕೆಲಸ

ಟೆಟ್ ಅಂದರೆ ಬಾನ್ ಚುಂಗ್. ಎಲೆಯಲ್ಲಿ ಕಟ್ಟಿ ಬೇಯಿಸಿದ ಚೌಕದ ಅಂಟಕ್ಕಿ ಕಡುಬು. ಹಳೆಯ ಕಥೆಯೊಂದಿದೆ. ಹುಂಗ್ ವಂಶದ ರಾಜ ತನ್ನ ಮಕ್ಕಳಿಗೆ, ಹಿರಿಯರ ಎಡೆಗೆ ಒಪ್ಪುವ ಅಡುಗೆ ತಂದವನಿಗೆ ಪಟ್ಟ ಅಂದನಂತೆ. ಉಳಿದವರು ಕಾಡು ಸಮುದ್ರ ಜಾಲಾಡಿ ಅಪರೂಪದ್ದೆಲ್ಲ ತಂದರು. ಬಡ ರಾಜಕುಮಾರ ಲಾಂಗ್ ಲಿಯೆವ್ ಮನೆಯ ಅಕ್ಕಿಯಲ್ಲೇ ಭೂಮಿಯ ಗುರುತಿಗೆ ಚೌಕದ್ದು, ಆಕಾಶದ ಗುರುತಿಗೆ ದುಂಡಗಿನದು ಮಾಡಿ ತಂದ. ಪಟ್ಟ ಅವನಿಗೇ ಸಿಕ್ಕಿತು.

ಈಗ ಕೊಂಡು ತರುವವರೇ ಜಾಸ್ತಿ. ಹನೋಯ್ ಹತ್ತಿರದ ಚಾನ್ ಖುಕ್ ಎಂಬ ಊರು ಇದನ್ನೇ ಕಸುಬಾಗಿ ಮಾಡುತ್ತದೆ, ಅಲ್ಲಿಯದು ಚೆನ್ನಾಗಿಯೇ ಇರುತ್ತದೆ. ಆದರೂ ಒಂದು ಸಲವಾದರೂ ಮನೆಯಲ್ಲಿ ಮಾಡಿ. ಇಡೀ ಮನೆ ಒಂದು ಚಾಪೆ ಮೇಲೆ ಕೂತು ಕೆಲಸ ಮಾಡುವುದು ವರ್ಷದಲ್ಲಿ ಇದೊಂದೇ ದಿನ.

ಹತ್ತು ಕಡುಬಿಗೆ ನಮ್ಮನೆಯ ಅಳತೆ ಇದು: ಅಂಟಕ್ಕಿ 4 ಕಿಲೋ, ಸಿಪ್ಪೆ ತೆಗೆದ ಹೆಸರುಬೇಳೆ 2 ಕಿಲೋ, ಕೊಬ್ಬು ಸೇರಿದ ಹಂದಿಮಾಂಸ 2 ಕಿಲೋ, ಕರಿಮೆಣಸು, ಉಪ್ಪು. ಜೊತೆಗೆ ಸುತ್ತಲು ಝೋಂಗ್ ಎಂಬ ಗಿಡದ ಅಗಲ ಎಲೆ ಮತ್ತು ಸೀಳಿದ ಬಿದಿರಿನ ದಾರ. ದಕ್ಷಿಣದವರು ಝೋಂಗ್ ಬದಲು ಬಾಳೆಎಲೆಯಲ್ಲಿ ಉದ್ದಕ್ಕೆ ಉರುಳೆಯಾಗಿ ಸುತ್ತುತ್ತಾರೆ, ಅದು ಬಾನ್ ಟೆಟ್.

ಅಕ್ಕಿಯನ್ನು ರಾತ್ರಿಯೇ ನೆನೆಹಾಕಿ. ಬೆಳಿಗ್ಗೆ ನೀರು ಪೂರ್ತಿ ಬಸಿದು ಉಪ್ಪು ಬೆರೆಸಿ. ಬೇಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಕುಟ್ಟಿ, ಕಿತ್ತಳೆ ಗಾತ್ರದ ಉಂಡೆ ಮಾಡಿ. ಮಾಂಸದ ದೊಡ್ಡ ಹೋಳಿಗೆ ಉಪ್ಪು, ಜಜ್ಜಿದ ಮೆಣಸು ಹಚ್ಚಿ. ಮೆಣಸಿಗೆ ಕೈ ಹಿಡಿತ ಬೇಡ, ಕಡುಬು ಬಿಚ್ಚಿದಾಗ ಮೊದಲು ಮೂಗಿಗೆ ಬರಬೇಕಾದ್ದು ಅದೇ ಘಮ.

ಎಲೆಯ ಕೆಲಸ ತಾಳ್ಮೆಯದ್ದು. ಒಂದೊಂದು ಎಲೆಯನ್ನೂ ಎರಡೂ ಬದಿ ತೊಳೆದು, ನೀರಿನ ಪಸೆ ಇಲ್ಲದಂತೆ ಬಟ್ಟೆಯಲ್ಲಿ ಒರೆಸಬೇಕು. ತೇವ ಉಳಿದರೆ ಕಡುಬು ಬೇಗ ಹಳಸುತ್ತದೆ. ಎಲೆಯ ಹಿಂಬದಿಯ ದಪ್ಪ ನರವನ್ನು ಚಾಕುವಿನಿಂದ ಹೆರೆದು ತೆಳ್ಳಗೆ ಮಾಡಿ, ಇಲ್ಲದಿದ್ದರೆ ಮಡಿಸುವಾಗ ಮುರಿಯುತ್ತದೆ. ಚೌಕದ ಮರದ ಅಚ್ಚಿನಲ್ಲಿ ಎಲೆ ಹಾಸಿ. ಕಡುಹಸಿರು ಬದಿ ಅಕ್ಕಿಗೆ ತಾಗುವಂತಿರಲಿ, ಅಕ್ಕಿಗೆ ಹಸಿರು ಬಣ್ಣ ಹತ್ತುವುದು ಅದರಿಂದಲೇ. ಒಂದು ಬಟ್ಟಲು ಅಕ್ಕಿ, ಅರ್ಧ ಬೇಳೆ ಉಂಡೆಯನ್ನು ಪುಡಿ ಮಾಡಿ, ಮಾಂಸ, ಉಳಿದ ಬೇಳೆ, ಮೇಲೆ ಇನ್ನೊಂದು ಬಟ್ಟಲು ಅಕ್ಕಿ. ನಾಲ್ಕು ಮೂಲೆಗೂ ಅಕ್ಕಿ ತುಂಬಿ ಬೆರಳಿನಿಂದ ಒತ್ತಿ. ಮೂಲೆ ಖಾಲಿ ಬಿಟ್ಟರೆ ಚೌಕ ನಿಲ್ಲುವುದಿಲ್ಲ. ಎಲೆ ಮಡಿಸಿ ಬಿದಿರು ದಾರದಿಂದ ಕಟ್ಟಿ. ತೀರಾ ಬಿಗಿದರೆ ಅಕ್ಕಿ ಹಿಗ್ಗಲು ಜಾಗ ಇರುವುದಿಲ್ಲ. ಸಡಿಲ ಬಿಟ್ಟರೆ ನೀರು ಒಳಗೆ ಹೋಗುತ್ತದೆ. ದಾರದ ಕೆಳಗೆ ಬೆರಳು ತೂರಿಸಲು ಕಷ್ಟವಾಗಬೇಕು, ಆದರೆ ದಾರ ಎಲೆಯನ್ನು ಕತ್ತರಿಸಬಾರದು.

ಹಂಡೆಯ ತಳಕ್ಕೆ ಎಲೆಯ ತೊಟ್ಟುಗಳನ್ನು ಹಾಸಿ, ಕಡುಬು ಒತ್ತಾಗಿ ಜೋಡಿಸಿ, ಮುಳುಗುವಷ್ಟು ನೀರು ಹಾಕಿ ಹತ್ತು ಹನ್ನೆರಡು ತಾಸು ಕುದಿಸಬೇಕು. ನೀರು ಇಳಿದಂತೆಲ್ಲ ಕುದಿಯುವ ನೀರನ್ನೇ ಸೇರಿಸಿ, ತಣ್ಣೀರು ಬೇಡ. ನಮ್ಮ ಗಲ್ಲಿಯಲ್ಲಿ ನಾಲ್ಕಾರು ಮನೆಯವರು ಸೇರಿ ಒಂದೇ ಹಂಡೆ ಇಡುತ್ತೇವೆ. ಹನೋಯ್‌ನ ಆ ಚಳಿಯಲ್ಲಿ, ಜಿನುಗು ಮಳೆಯಲ್ಲಿ, ಗಂಡಸರು ಸರದಿ ಮೇಲೆ ಬೆಂಕಿ ಕಾಯುತ್ತಾರೆ. ಮಕ್ಕಳು ಕೆಂಡದಲ್ಲಿ ಗೆಣಸು ಸುಟ್ಟುಕೊಂಡು ಎಚ್ಚರವಾಗಿರುತ್ತಾರೆ.

ಬೆಂದ ಕಡುಬನ್ನು ತಣ್ಣೀರಿನಲ್ಲಿ ಜಾಲಿಸಿ ಅಂಟು ತೊಳೆಯಿರಿ. ಆಮೇಲೆ ಹಲಗೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿ ಅರ್ಧ ದಿನ ಬಿಡಿ. ನೀರು ಇಳಿದು ಗಟ್ಟಿಯಾಗುತ್ತದೆ. ಚಳಿಯಲ್ಲಿ ಹೊರಗಿಟ್ಟರೂ ವಾರ ತಡೆಯುತ್ತದೆ. ತಿನ್ನುವಾಗ ಚಾಕು ಹಚ್ಚಬೇಡಿ, ಅಂಟಿಕೊಳ್ಳುತ್ತದೆ. ಎಲೆ ಬಿಚ್ಚಿ, ಕಟ್ಟಿದ ಬಿದಿರು ದಾರವನ್ನೇ ಇನ್ನೂ ತೆಳ್ಳಗೆ ಸೀಳಿ, ಕಡುಬಿನ ಮೇಲೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ನಾಲ್ಕು ಎಳೆ ಇಡಿ. ತಟ್ಟೆ ಕವುಚಿ ತಿರುಗಿಸಿ. ಈಗ ಎಳೆಗಳು ಕೆಳಗಿರುತ್ತವೆ. ಒಂದೊಂದರ ಎರಡೂ ತುದಿ ಹಿಡಿದು ಮೇಲಕ್ಕೆ ಎಳೆದರೆ ಎಂಟು ತುಂಡು ನೀಟಾಗಿ ಬೀಳುತ್ತವೆ. ಜೊತೆಗೆ ಉಪ್ಪಿನಲ್ಲಿ ಹಾಕಿದ ಸಣ್ಣ ಈರುಳ್ಳಿ ಇರಲೇಬೇಕು.

ಮಾಂಸ ತಿನ್ನದವರು ಹೆಸರುಬೇಳೆಗೆ ಹುರಿದ ಈರುಳ್ಳಿ, ಅಣಬೆ, ಮೆಣಸು ಸೇರಿಸಿ ಒಳಗೆ ತುಂಬಿ. ಬೌದ್ಧ ಮಠಗಳಲ್ಲಿ ಮಾಡುವುದೂ ಮಾಂಸವಿಲ್ಲದ್ದೇ, ಆದರೆ ಅಲ್ಲಿ ಈರುಳ್ಳಿ ಹಾಕುವುದಿಲ್ಲ. ದಕ್ಷಿಣದಲ್ಲಿ ಬಾಳೆಹಣ್ಣು, ಕರಿ ಅಲಸಂದೆ ತುಂಬಿದ ಸಸ್ಯಾಹಾರಿ ಬಾನ್ ಟೆಟ್ ಸುಲಭವಾಗಿ ಸಿಗುತ್ತದೆ. ಊಟಕ್ಕೆ ಕರೆದವರಿಗೆ ‘ತೋಯ್ ಆನ್ ಚಾಯ್’ (ನಾನು ಸಸ್ಯಾಹಾರಿ) ಅಂತ ಎರಡು ದಿನ ಮೊದಲೇ ಹೇಳಿ. ಪೂರ್ಣಿಮೆ ಮತ್ತು ತಿಂಗಳ ಮೊದಲ ದಿನ ಮಾಂಸ ಬಿಡುವವರು ಇಲ್ಲೂ ತುಂಬ ಜನ ಇದ್ದಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮೀನಿನ ಸಾಸ್ ಕೂಡ ಬೇಡ ಅನ್ನುವುದನ್ನು ಮಾತ್ರ ಬಿಡಿಸಿ ಹೇಳಬೇಕು.

ವರ್ಷದ ಕೊನೆಯ ದಿನ

ಬೆಳಗಿನ ಮಾರುಕಟ್ಟೆಯಲ್ಲಿ ಹೂವು ಬಿಟ್ಟು ಕಾಯಿಕಟ್ಟಿದ ಕೊತ್ತಂಬರಿ ಸೊಪ್ಪನ್ನು ದೊಡ್ಡ ದೊಡ್ಡ ಕಟ್ಟು ಮಾಡಿ ಮಾರುತ್ತಿರುತ್ತಾರೆ. ಅಡುಗೆಗಲ್ಲ, ಸ್ನಾನಕ್ಕೆ. ಬೇರು, ಕಾಂಡ, ಕಾಯಿ ಎಲ್ಲ ಸೇರಿಸಿ ಹಂಡೆಯಲ್ಲಿ ಕುದಿಸಿ, ಆ ನೀರನ್ನು ಬೆರೆಸಿಕೊಂಡು ಮನೆಮಂದಿಯೆಲ್ಲ ಮೀಯುತ್ತಾರೆ. ಹಳೆಯ ವರ್ಷದ ಕೊಳೆ ಹೋಗಲಿ ಅಂತ. ಇಡೀ ಮನೆ ಹಸಿ ಧನಿಯ ವಾಸನೆ. ನನಗೆ ಟೆಟ್ ಬಂತು ಅನ್ನಿಸುವುದು ಈ ನೀರು ಕುದಿಯುವಾಗ.

ಸ್ನಾನಕ್ಕೆ ಮೊದಲೇ ಕಸ ಗುಡಿಸಿ ಹೊರಗೆ ಹಾಕಿ, ಬಟ್ಟೆ ಒಗೆದುಬಿಡಿ. ಆಮೇಲೆ ಗುಡಿಸುವಂತಿಲ್ಲ.

ಪೀಠದ ಮೇಲೆ ಐದು ಹಣ್ಣಿನ ತಟ್ಟೆ. ಉತ್ತರದಲ್ಲಿ ಬೊಗಸೆಯ ಹಾಗೆ ಬಾಗಿದ ಹಸಿರು ಬಾಳೆಗೊನೆಯ ಚಿಪ್ಪು ತಳಕ್ಕೆ, ಅದರ ನಡುವೆ ಚಕ್ಕೋತ, ಸುತ್ತ ಕಿತ್ತಳೆ ಮತ್ತಿತರ ಹಣ್ಣು. ದಕ್ಷಿಣದವರು ಬಾಳೆ ಇಡುವುದೇ ಇಲ್ಲ. ಸೀತಾಫಲದ ಜಾತಿಯ ಹಣ್ಣು, ತೆಂಗು, ಪರಂಗಿ, ಮಾವು ಇಡುತ್ತಾರೆ. ಪೀಠದ ಎರಡೂ ಬದಿಗೆ ಎಲೆ ಸಮೇತ ಉದ್ದ ಕಬ್ಬು ನಿಲ್ಲಿಸಿ. ಇದರ ಕೆಲಸ ಮೂರನೇ ದಿನಕ್ಕೆ.

ಎಡೆಗೆ ಹಳೆಯ ಲೆಕ್ಕ ನಾಲ್ಕು ಬಟ್ಟಲು, ನಾಲ್ಕು ತಟ್ಟೆ. ಬಟ್ಟಲಿಗೆ ಒಣ ಕಳಲೆಯ ಸಾರು, ಶಾವಿಗೆ ಸಾರು ಇಂಥವು. ತಟ್ಟೆಗೆ ಇಡಿಯಾಗಿ ಬೇಯಿಸಿದ ಕೋಳಿ, ಬಾನ್ ಚುಂಗ್, ಎಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸದ ಉರುಳೆ, ಕರಿದ ಸುರುಳಿ. ಕಳಲೆ ಗೊತ್ತಿರುವ ಮಲೆನಾಡಿನವರಿಗೆ ಇದು ಹೇಳಿಕೊಡಬೇಕಿಲ್ಲ. ಎರಡು ಮೂರು ದಿನ ಮೊದಲೇ ನೆನೆಹಾಕಿ, ನೀರು ಬದಲಿಸುತ್ತಾ, ಕುದಿಸಿ ಚೆಲ್ಲಿ ಕಹಿ ತೆಗೆಯಬೇಕು. ಕೆಂಪು ಅಂಟಕ್ಕಿ ಅನ್ನವೂ ಬೇಕು. ಬಣ್ಣ ಬರುವುದು ಗಕ್ ಹಣ್ಣಿನಿಂದ. ನಮ್ಮ ಮಡಹಾಗಲದ ಬಳಗದ್ದೇ, ಗಾತ್ರ ದೊಡ್ಡದು. ಒಳಗಿನ ಕೆಂಪು ತಿರುಳನ್ನು ಸ್ವಲ್ಪ ಮದ್ಯ ಹಾಕಿ ಕಿವುಚಿ ಅಕ್ಕಿಗೆ ಬೆರೆಸಿ ಹಬೆಯಲ್ಲಿ ಬೇಯಿಸುತ್ತಾರೆ. ಸೈಗಾನ್ ಮನೆಗಳಲ್ಲಿ ಎಳನೀರಿನಲ್ಲಿ ಬೇಯಿಸಿದ ಮಾಂಸ ಮತ್ತು ಮೊಟ್ಟೆ, ಹಾಗಲಕಾಯಿ ಸಾರು ಮುಖ್ಯ.

ಸಂಜೆ ಎಡೆ ಇಟ್ಟು, ಮನೆಯ ಹಿರಿಯರೊಬ್ಬರು ಊದುಬತ್ತಿ ಹಚ್ಚಿ, ತೀರಿಕೊಂಡವರ ಹೆಸರು ಹೇಳಿ ಕರೆಯುತ್ತಾರೆ. ಊದುಬತ್ತಿ ಉರಿದು ಮುಗಿಯುವವರೆಗೆ ಯಾರೂ ತಟ್ಟೆ ಮುಟ್ಟುವುದಿಲ್ಲ. ಅವರ ಊಟ ಆದ ಮೇಲೆ ನಮ್ಮ ಊಟ. ಕೂತ ಮೇಲೆ ಚಿಕ್ಕವರು ಪ್ರತಿಯೊಬ್ಬ ದೊಡ್ಡವರನ್ನೂ ಊಟ ಮಾಡಿ ಅಂತ ಬಾಯಿಬಿಟ್ಟು ಕರೆಯಬೇಕು. ಕನ್ನಡದವರಿಗೆ ಇದು ಕಷ್ಟವಲ್ಲ, ದೊಡ್ಡಪ್ಪ ಬೇರೆ ಚಿಕ್ಕಪ್ಪ ಬೇರೆ ಅಂತ ನಮಗೆ ರೂಢಿ ಇದ್ದೇ ಇದೆ. ಅಪ್ಪನ ಅಣ್ಣ ‘ಬಾಕ್’, ಅಪ್ಪನ ತಮ್ಮ ‘ಚೂ’. ಅಪ್ಪನ ಅಕ್ಕನೂ ಬಾಕ್ ಅನ್ನುವುದನ್ನು ನೆನಪಿಡಿ.

ಈ ಅಡುಗೆಯ ಭಾರ ಹೆಚ್ಚಿನ ಮನೆಗಳಲ್ಲಿ ಸೊಸೆಯಂದಿರ ಮೇಲೇ ಬೀಳುತ್ತದೆ. ಅದು ಸರಿಯಲ್ಲ ಅಂತ ನಾನು ಮೊದಲಿನಿಂದಲೂ ಹೇಳುತ್ತಾ ಬಂದಿದ್ದೇನೆ. ಹಬ್ಬಕ್ಕೆ ಹತ್ತು ದಿನ ಮೊದಲೇ ಮನೆಯವರನ್ನೆಲ್ಲ ಕೂರಿಸಿ ಕೆಲಸ ಹಂಚಿಕೊಳ್ಳಿ. ನಮ್ಮನೆಯಲ್ಲಿ ಎಲೆ ತೊಳೆಯುವುದು, ಕೋಳಿ ಬೇಯಿಸುವುದು, ಮೂರೂ ದಿನ ಪಾತ್ರೆ ತಿಕ್ಕುವುದು ಗಂಡಸರದ್ದು. ಅತ್ತೆ ಇದಕ್ಕೆ ಒಪ್ಪಿಕೊಂಡ ಮೇಲೆ ಹಬ್ಬದ ದಿನ ಅವರೂ ಕೂತು ಚಹಾ ಕುಡಿಯುತ್ತಾರೆ.

ನಡುರಾತ್ರಿ

ಹನ್ನೆರಡಕ್ಕೆ ಎರಡು ಪೂಜೆ. ಒಂದು ಬಾಗಿಲ ಹೊರಗೆ ಅಥವಾ ತಾರಸಿಯಲ್ಲಿ. ಹಳೆಯ ವರ್ಷ ನೋಡಿಕೊಂಡ ದೇವತೆ ಇಳಿದು ಹೊಸಬರು ಅಧಿಕಾರ ವಹಿಸಿಕೊಳ್ಳುವ ಗಳಿಗೆ ಅದು. ಇನ್ನೊಂದು ಒಳಗೆ, ಹಿರಿಯರಿಗೆ. ಹೊರಗಿನ ಎಡೆಯ ಕೋಳಿಯ ಕೊಕ್ಕಿನಲ್ಲಿ ಒಂದು ಕೆಂಪು ಗುಲಾಬಿ ಇಡುತ್ತಾರೆ. ಪಟಾಕಿಯನ್ನು ಸರ್ಕಾರ 1995ರಿಂದ ನಿಷೇಧಿಸಿದೆ, ಮನೆಯಲ್ಲಿ ಹೊಡೆಯುವ ಯೋಚನೆ ಬೇಡ. ಊರಿನವರು ಹ್ವಾನ್ ಕಿಯೆಮ್ ಕೆರೆಯ ದಂಡೆಯಲ್ಲಿ ಸೇರಿ ಸರ್ಕಾರದ ಬಾಣಬಿರುಸು ನೋಡುತ್ತಾರೆ. ನೀವೂ ಹೋಗಿ, ಆದರೆ ವಾಪಸ್ ಬಂದು ಯಾರ ಮನೆಗೂ ಮೊದಲು ಕಾಲಿಡಬೇಡಿ.

ಯಾಕೆಂದರೆ ಹನ್ನೆರಡರ ನಂತರ ಹೊಸ್ತಿಲು ದಾಟಿ ಬರುವ ಮೊದಲ ಮನುಷ್ಯನ ಗುಣ, ಅದೃಷ್ಟ ಇಡೀ ವರ್ಷ ಆ ಮನೆಗೆ ಅಂಟುತ್ತದೆ ಅನ್ನುತ್ತಾರೆ. ಇವರ ಲೆಕ್ಕದಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿ. ಯಜಮಾನರ ಹುಟ್ಟಿದ ವರ್ಷದ ಪ್ರಾಣಿಗೆ ಹೊಂದುವವರು, ನೆಮ್ಮದಿಯಾಗಿ ಬಾಳುತ್ತಿರುವವರು, ಮನೆಯಲ್ಲಿ ಸೂತಕ ಇಲ್ಲದವರು ಬೇಕು. ಹಾಗಾಗಿ ಮೊದಲೇ ಹೇಳಿಟ್ಟಿರುತ್ತಾರೆ. ನಿಮ್ಮ ಪ್ರಾಣಿ ಯಾವುದು ಅಂತ ಕೇಳಿದರೆ ಹುಟ್ಟಿದ ವರ್ಷ ಹೇಳಿ, ಅವರೇ ಲೆಕ್ಕ ಹಾಕುತ್ತಾರೆ. ಚೀನಾದವರ ಮೊಲದ ಜಾಗದಲ್ಲಿ ಇಲ್ಲಿ ಬೆಕ್ಕು, ಎತ್ತಿನ ಜಾಗದಲ್ಲಿ ಎಮ್ಮೆ. ಕರೆ ಬರದಿದ್ದರೆ ಮೊದಲ ದಿನ ಬೆಳಿಗ್ಗೆ ಯಾರ ಮನೆಗೂ ಹೋಗಬಾರದು.

ಮೊದಲ ದಿನ ಮಾಡಬೇಕಾದ್ದು, ಮಾಡಬಾರದ್ದು

ಬೆಳಕು ಹರಿಯುವ ಮೊದಲೇ ಗಲ್ಲಿಯಲ್ಲಿ ಉಪ್ಪು ಮಾರುವವರ ಕೂಗು ಕೇಳುತ್ತದೆ. ವರ್ಷದ ಮೊದಲಿಗೆ ಉಪ್ಪು ಕೊಳ್ಳು, ಕೊನೆಗೆ ಸುಣ್ಣ ಕೊಳ್ಳು ಅನ್ನುವುದು ಇಲ್ಲಿಯ ಗಾದೆ. ಒಂದು ಬಟ್ಟಲು ಕೊಂಡರೂ ಸಾಕು. ಮಾರುವವರು ಅಳತೆಯನ್ನು ಗೀರಿ ಸಮ ಮಾಡುವುದಿಲ್ಲ, ಗೋಪುರದ ಹಾಗೆ ತುಂಬಿ ಸುರಿಯುತ್ತಾರೆ. ಚೌಕಾಸಿ ಬೇಡ, ಚಿಲ್ಲರೆ ವಾಪಸ್ ಕೇಳಬೇಡಿ.

ಕಸ ಗುಡಿಸಬಾರದು, ಗುಡಿಸಿದರೂ ಹೊರಗೆ ಹಾಕಬಾರದು. ಮನೆಯಿಂದ ಬೆಂಕಿ, ನೀರು ಹೊರಗೆ ಕೊಡಬಾರದು. ಸಾಲ ಕೇಳಬಾರದು, ಕೊಡಬಾರದು. ಪಿಂಗಾಣಿ ಒಡೆಯಬಾರದು. ಪೂರ್ತಿ ಬಿಳಿ ಅಥವಾ ಪೂರ್ತಿ ಕಪ್ಪು ಬಟ್ಟೆ ಬೇಡ, ಬಿಳಿ ಇಲ್ಲಿ ಸಾವಿನ ಮನೆಯ ಬಣ್ಣ. ಮಕ್ಕಳನ್ನು ಗದರಬಾರದು. ಇದೊಂದನ್ನು ನಾನು ಎಲ್ಲಕ್ಕಿಂತ ಹೆಚ್ಚು ಪಾಲಿಸುತ್ತೇನೆ.

ಪೀಠಕ್ಕೆ ಬೆಳಗಿನ ಎಡೆ ಆದ ಮೇಲೆ ಹೊಸ ಬಟ್ಟೆ ಹಾಕಿಕೊಂಡು ಅಜ್ಜ ಅಜ್ಜಿಯ ಮುಂದೆ ಸಾಲಾಗಿ ನಿಲ್ಲುತ್ತಾರೆ. ಮಕ್ಕಳು ಕೈಕಟ್ಟಿ, ತಲೆಬಾಗಿಸಿ, ಆರೋಗ್ಯ ಆಯಸ್ಸು ಹಾರೈಸಬೇಕು. ಆಮೇಲೆ ಕೆಂಪು ಲಕೋಟೆ ಸಿಗುತ್ತದೆ. ಹಳೆಯ ಲೆಕ್ಕದಲ್ಲಿ ಹುಟ್ಟುಹಬ್ಬ ಬೇರೆ ಇಲ್ಲ, ಟೆಟ್ ಬಂದಾಗ ಎಲ್ಲರಿಗೂ ಒಂದು ವಯಸ್ಸು ಹೆಚ್ಚುತ್ತದೆ. ಆ ವಯಸ್ಸಿಗೆ ಕೊಡುವ ಉಡುಗೊರೆ ಈ ದುಡ್ಡು. ಮಕ್ಕಳಿಗೆ ಹತ್ತು, ಇಪ್ಪತ್ತು, ಐವತ್ತು ಸಾವಿರ ಡಾಂಗ್ ನೋಟು ಸಾಕು. ಹತ್ತು ಸಾವಿರ ಡಾಂಗ್ ಅಂದರೆ ನಮ್ಮ ಮೂವತ್ತೈದು ರೂಪಾಯಿಯ ಆಸುಪಾಸು, ದೊಡ್ಡ ಸಂಖ್ಯೆ ನೋಡಿ ಗಾಬರಿ ಬೇಡ. ನೋಟು ಹೊಸದಾಗಿರಬೇಕು. ಎರಡೂ ಕೈಯಲ್ಲಿ ಕೊಡಬೇಕು, ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಕೊಟ್ಟವರ ಮುಂದೆ ತೆರೆದು ನೋಡಬಾರದು, ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿಕೊಟ್ಟು ಕರೆದುಕೊಂಡು ಹೋಗಿ. ದುಡಿಯುವ ಮಕ್ಕಳು ವಯಸ್ಸಾದ ಅಪ್ಪ ಅಮ್ಮನಿಗೂ ಲಕೋಟೆ ಕೊಡುತ್ತಾರೆ. ಅದಕ್ಕೆ ಸ್ವಲ್ಪ ದೊಡ್ಡ ನೋಟು ಇಡಿ.

ಯಾರ ಮನೆಗೆ ಯಾವಾಗ

ಒಂದನೇ ದಿನ ಅಪ್ಪನ ಕಡೆ, ಎರಡನೇ ದಿನ ಅಮ್ಮನ ಕಡೆ, ಮೂರನೇ ದಿನ ಗುರುಗಳಿಗೆ. ಇಲ್ಲಿಯವರ ಬಾಯಲ್ಲಿ ನಲಿಯುವ ಮಾತು ಇದು. ಮೂರನೇ ದಿನ ದೊಡ್ಡ ದೊಡ್ಡ ಹುದ್ದೆಯವರೂ ತಮ್ಮ ಶಾಲೆಯ ಮೇಷ್ಟ್ರ ಮನೆ ಹುಡುಕಿಕೊಂಡು ಹೋಗುವುದನ್ನು ನೋಡಬೇಕು. ಆಫೀಸಿನ ಗೆಳೆಯರ ಮನೆಗೆ ನಿಮ್ಮ ಪಾಳಿ ಎರಡನೇ ದಿನ ಮಧ್ಯಾಹ್ನದ ನಂತರ. ಫೋನ್ ಮಾಡಿ ಹೋಗಿ. ಕಾಣಿಕೆಯ ಬುಟ್ಟಿ, ಚಹಾ, ಬಿಸ್ಕೆಟ್ ಡಬ್ಬಿ ಇಂಥವನ್ನು ಹಬ್ಬಕ್ಕೆ ಮೊದಲೇ ತಲುಪಿಸುವುದು ಪದ್ಧತಿ. ಹಬ್ಬದ ದಿನ ಮಕ್ಕಳ ಲಕೋಟೆ ಜೇಬಿನಲ್ಲಿದ್ದರೆ ಸಾಕು.

ಒಳಗೆ ಹೋದ ತಕ್ಷಣ ‘ಚುಕ್ ಮೂಂಗ್ ನಮ್ ಮೋಯ್’ (ಹೊಸ ವರ್ಷದ ಶುಭಾಶಯ) ಅನ್ನಿ. ಅವರು ಪೀಠದ ಮುಂದೆ ಕರೆದರೆ ಒಂದು ಊದುಬತ್ತಿ ಹಚ್ಚಿ ಕೈಮುಗಿಯಿರಿ, ಅವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಟೀಪಾಯಿ ಮೇಲೆ ಸಕ್ಕರೆ ಪಾಕದ ಶುಂಠಿ, ತೆಂಗು, ತಾವರೆ ಬೀಜ, ಕೆಂಪು ಬಣ್ಣದ ಕಲ್ಲಂಗಡಿ ಬೀಜ ಇರುತ್ತದೆ. ಏನಾದರೂ ಒಂದು ಬಾಯಿಗೆ ಹಾಕಿಕೊಳ್ಳಿ. ವಯಸ್ಸೆಷ್ಟು, ಮದುವೆ ಆಯ್ತಾ, ಸಂಬಳ ಎಷ್ಟು ಅಂತ ಕೇಳುತ್ತಾರೆ. ನಮ್ಮೂರಿನ ಮದುವೆ ಮನೆಗಳಲ್ಲಿ ಕೇಳಿ ಅಭ್ಯಾಸ ಇರುವ ಪ್ರಶ್ನೆಗಳೇ. ವಯಸ್ಸು ಕೇಳುವುದು ನಿಮ್ಮನ್ನು ಅಣ್ಣ ಅನ್ನಬೇಕೋ ತಮ್ಮ ಅನ್ನಬೇಕೋ ತಿಳಿಯಲಿಕ್ಕೆ. ಅರ್ಧ ಗಂಟೆ ಕೂತು ಹೊರಡಿ, ಅವರಿಗೂ ಇನ್ನೂ ಹತ್ತು ಮನೆ ಇರುತ್ತದೆ.

ಹನೋಯ್‌ನಲ್ಲಿದ್ದರೆ ಇದರ ನಡುವೆ ವಾನ್ ಮ್ಯೆವ್ ಸಾಹಿತ್ಯ ದೇವಾಲಯಕ್ಕೆ ಹೋಗಿ ಬನ್ನಿ. ಕುಂಚ ಹಿಡಿದು ಕೂತ ಬರಹಗಾರರು ನಿಮಗೆ ಬೇಕಾದ ಒಂದು ಅಕ್ಷರವನ್ನು ಕೆಂಪು ಕಾಗದದಲ್ಲಿ ಬರೆದುಕೊಡುತ್ತಾರೆ. ಪರೀಕ್ಷೆ ಬರೆಯುವ ಮಕ್ಕಳಿದ್ದ ಮನೆಯವರು ಬಿಡದೆ ಹೋಗುತ್ತಾರೆ.

ಕಳಿಸಿಕೊಡುವುದು

ಮೂರು ದಿನವೂ ಪೀಠದ ದೀಪ ಆರಬಾರದು, ಹೊತ್ತು ಹೊತ್ತಿಗೆ ಎಡೆ ಇಡಬೇಕು. ಮೂರನೇ ದಿನ, ಕೆಲವು ಮನೆಗಳಲ್ಲಿ ಅದರ ಮರುದಿನ ಅಥವಾ ಇನ್ನೂ ಆಚೆಗೆ, ಬೀಳ್ಕೊಡುವ ಊಟ. ಮತ್ತೆ ಪೂರ್ತಿ ಅಡುಗೆ. ಊದುಬತ್ತಿ ಉರಿದ ಮೇಲೆ ಕಾಗದದ ಚಿನ್ನ, ಬಟ್ಟೆಯನ್ನು ಅಂಗಳದಲ್ಲಿ ಸುಡುತ್ತಾರೆ. ದೇವರದ್ದು ಮೊದಲು, ಹಿರಿಯರದ್ದು ಆಮೇಲೆ, ಎರಡನ್ನೂ ಬೆರೆಸಬಾರದು. ಬೂದಿಯ ಮೇಲೆ ಒಂದು ಗುಟುಕು ಮದ್ಯ ಚಿಮುಕಿಸುತ್ತಾರೆ. ಪೀಠದ ಪಕ್ಕ ನಿಲ್ಲಿಸಿದ್ದ ಕಬ್ಬು ಈಗ ಬೇಕು. ಹಿರಿಯರು ಗಂಟನ್ನು ಅದಕ್ಕೆ ಕಟ್ಟಿ ಹೆಗಲ ಮೇಲೆ ಹೊತ್ತು ಹೋಗುತ್ತಾರೆ, ದಾರಿಯಲ್ಲಿ ಊರುಗೋಲೂ ಅದೇ.

ಕಾಗದ ಸುಡುವುದನ್ನು ಮಿತಿಯಲ್ಲಿಡಿ. ಈಗ ಕಾಗದದ ಫೋನ್, ಕಾರು, ಬಂಗಲೆ ಎಲ್ಲ ಮಾರುತ್ತಾರೆ. ಹನೋಯ್‌ನ ಗಾಳಿ ಮೊದಲೇ ಕೆಟ್ಟಿದೆ. ವಿಯೆಟ್ನಾಂ ಬೌದ್ಧ ಸಂಘವೇ 2018ರಲ್ಲಿ ಮಠಗಳಲ್ಲಿ ಇದನ್ನು ನಿಲ್ಲಿಸಿ ಅಂತ ಕೇಳಿಕೊಂಡಿತು. ನಮ್ಮನೆಯಲ್ಲಿ ಒಬ್ಬೊಬ್ಬರ ಹೆಸರಿಗೆ ಒಂದು ಜೊತೆ ಬಟ್ಟೆ, ಸ್ವಲ್ಪ ಚಿನ್ನ, ಅಷ್ಟೇ.

ಇನ್ನು ಗುಡಿಸಬಹುದು. ಉಳಿದ ಬಾನ್ ಚುಂಗ್ ಗಟ್ಟಿಯಾಗಿರುತ್ತದೆ. ಕಾವಲಿಗೆ ಎಣ್ಣೆ ಹಾಕಿ ತುಂಡುಗಳನ್ನು ಇಡಿ, ಮೆತ್ತಗಾದಾಗ ಸೌಟಿನ ಬೆನ್ನಿನಿಂದ ಅಗಲಕ್ಕೆ ಒತ್ತಿ, ಎರಡೂ ಬದಿ ಕೆಂಪಗೆ ಗರಿಯಾಗುವವರೆಗೆ ಸಣ್ಣ ಉರಿಯಲ್ಲಿ ಬಿಡಿ. ನಮ್ಮ ಮಕ್ಕಳು ಹಬ್ಬದ ದಿನಕ್ಕಿಂತ ಇದನ್ನೇ ಜಾಸ್ತಿ ತಿನ್ನುತ್ತಾರೆ. ಅಂಗಡಿ ತೆರೆಯಲು, ಆಫೀಸು ಶುರು ಮಾಡಲು ಎಲ್ಲರೂ ಒಳ್ಳೆಯ ದಿನ ನೋಡುತ್ತಾರೆ, ಹಾಗಾಗಿ ನಿಮ್ಮ ದರ್ಜಿ, ಮೆಕ್ಯಾನಿಕ್ ಯಾವಾಗ ಬಾಗಿಲು ತೆರೆಯುತ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಮುಂದಿನ ಎಡೆ ಮೊದಲ ತಿಂಗಳ ಹುಣ್ಣಿಮೆಗೆ. ಅದು ದೊಡ್ಡ ಪೂಜೆಯೇ, ಅದಕ್ಕೊಂದು ಗಕ್ ಹಣ್ಣು ಈಗಲೇ ಎತ್ತಿಡಿ. ತಿರುಳು ತೆಗೆದು ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಕೆಡುವುದಿಲ್ಲ.